ಒಂದೆಲಗ, ಅರಿಶಿನ, ಕಾಫಿ: ಮಾದಕ ಉತ್ತೇಜಕಗಳಿಂದ ಮಿದುಳನ್ನು ಇವು ಕಾಯಬಲ್ಲವೇ?

ಹಾಸನ, ಚಿಕ್ಕಮಗಳೂರು ಕಡೆ ಮಾದಕವಸ್ತು ಎಂದರೆ ಬಹುಕಾಲ ಗಾಂಜಾ ಎಂದೇ ಅರ್ಥವಿತ್ತು. ಈಗ ರಾಜ್ಯದ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಎಂಡಿಎಂಎ, ಮೆಥಾಂಫೆಟಮಿನ್ ಎಂಬ ಉತ್ತೇಜಕ ರಾಸಾಯನಿಕಗಳ ಹೆಸರುಗಳು ಮೇಲಿಂದ ಮೇಲೆ ಬರುತ್ತಿವೆ. ಸಂಖ್ಯೆ ಇನ್ನೂ ಚಿಕ್ಕದು: ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಆಂಫೆಟಮಿನ್ ಬಗೆಯ ಉತ್ತೇಜಕ ಬಳಸಿದವರು ಶೇ 0.18, ಕೊಕೇನ್ ಬಳಸಿದವರು ಶೇ 0.10. ಆದರೆ ಮಕ್ಕಳನ್ನು ಓದಿಗೆ, ಕೆಲಸಕ್ಕೆ ದೊಡ್ಡ ಊರಿಗೆ ಕಳಿಸಿರುವ ಮಲೆನಾಡಿನ ಮನೆಗಳಿಗೆ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. ನಿದ್ದೆಗೆಟ್ಟು, ತೂಕ ಇಳಿದು, ಹೇಳಿದ್ದು ನೆನಪಿನಲ್ಲಿ ನಿಲ್ಲದ ಸ್ಥಿತಿಯಲ್ಲಿ ಮಗ ಮನೆಗೆ ಬಂದಾಗ ಮನೆಯವರು ಮೊದಲು ಹುಡುಕುವುದು ಗೊತ್ತಿರುವ ಗಿಡಮೂಲಿಕೆಯನ್ನೇ. ಗ್ರಂಧಿಗೆ ಅಂಗಡಿಯಲ್ಲಿ ಬ್ರಾಹ್ಮಿ ಪುಡಿ ಸಿಗುತ್ತದೆ, ತೋಟದ ಬದುವಿನಲ್ಲಿ ಒಂದೆಲಗ ಇದೆ, ಆನ್‌ಲೈನಿನಲ್ಲಿ ಅರಿಶಿನದ ಅಂಶವಾದ ಕರ್ಕ್ಯುಮಿನ್ ಗುಳಿಗೆ ಇದೆ. ಜೊತೆಗೆ ‘ಅರಿಶಿನದ ಅಂಶ ಡ್ರಗ್ಸ್‌ನಿಂದ ಮಿದುಳನ್ನು ರಕ್ಷಿಸುತ್ತದೆ’ ಎಂಬ ತಲೆಬರಹ ಮೊಬೈಲಿಗೆ ಬಂದಿರುತ್ತದೆ.

ಆ ತಲೆಬರಹ ಪೂರ್ತಿ ಸುಳ್ಳಲ್ಲ. ಇಲಿಗಳಲ್ಲಿ ಹಾಗಾಗಿದೆ. ಆದರೆ ಇಲಿಗೆ ಆ ಅಂಶವನ್ನು ಕೊಟ್ಟದ್ದು ಬಹುತೇಕ ಪೆಟ್ಟು ಬೀಳುವ ಮೊದಲು. ಮನೆಯವರು ಕೊಡಹೊರಡುವುದು ಪೆಟ್ಟು ಬಿದ್ದ ಮೇಲೆ. ಈ ಕ್ಷೇತ್ರದ ಸಂಶೋಧನೆಯನ್ನು ಓದುವಾಗ ಮೊದಲು ನೋಡಬೇಕಾದದ್ದು ಈ ವ್ಯತ್ಯಾಸವನ್ನು.

ಮೆಥಾಂಫೆಟಮಿನ್ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಡೋಪಮಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಅದನ್ನು ಬಿಡುಗಡೆ ಮಾಡುವ ನರತುದಿಯೊಳಗೆ ಆ ಡೋಪಮಿನ್ ಸಣ್ಣ ಸಣ್ಣ ಸಂಚಿಗಳಲ್ಲಿ ಭದ್ರವಾಗಿರುತ್ತದೆ. ಸಂಚಿಯ ಒಳಗಡೆ ಆಮ್ಲೀಯ ವಾತಾವರಣವಿರುವುದರಿಂದ ಅಲ್ಲಿ ಡೋಪಮಿನ್ ಕೆಡುವುದಿಲ್ಲ. ಮೆಥಾಂಫೆಟಮಿನ್ ನರತುದಿಯೊಳಕ್ಕೆ ನುಗ್ಗುವುದು ಡೋಪಮಿನ್ ವಾಪಸು ಹೋಗುವ ಬಾಗಿಲಿನಿಂದಲೇ. ಒಳಗೆ ಹೋದದ್ದೇ ಸಂಚಿಗಳನ್ನು ಖಾಲಿ ಮಾಡಿಸುತ್ತದೆ, ಬಾಗಿಲನ್ನು ತಿರುಗುಮುರುಗು ಮಾಡಿ ಡೋಪಮಿನ್ ಹೊರಗೆ ಸುರಿಯುವಂತೆ ಮಾಡುತ್ತದೆ. ಬಳಸಿದವರಿಗೆ ಸಿಗುವ ಉನ್ಮಾದ ಹೊರಗೆ ಸುರಿದ ಡೋಪಮಿನ್‌ನಿಂದ. ಹಾನಿ ಶುರುವಾಗುವುದು ಸಂಚಿಯಿಂದ ಹೊರಬಿದ್ದು ನರತುದಿಯ ಒಳಗೇ ಉಳಿದ ಡೋಪಮಿನ್‌ನಿಂದ. ಅದು ತಾನಾಗಿ ಉತ್ಕರ್ಷಣಗೊಂಡು, ಅಂದರೆ ಆಮ್ಲಜನಕದೊಡನೆ ವರ್ತಿಸಿ, ಕ್ವಿನೋನ್ ಎಂಬ ಹಾನಿಕರ ವಸ್ತುಗಳಾಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಜೊತೆಯಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕ ಅತಿಯಾಗಿ ಸುರಿದು ನೈಟ್ರಿಕ್ ಆಕ್ಸೈಡ್ ಏರುತ್ತದೆ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಸೋಲುತ್ತವೆ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಉರಿಯೂತ ಎಬ್ಬಿಸುತ್ತವೆ. ಇದೆಲ್ಲದರ ನಡುವೆ ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬಿಸಿ ಏರಿದಷ್ಟೂ ಮೇಲಿನ ಪ್ರತಿ ಹಂತದ ಹಾನಿಯೂ ಹೆಚ್ಚುತ್ತದೆ.

ಎಂಡಿಎಂಎ ಪೆಟ್ಟು ಕೊಡುವುದು ಮುಖ್ಯವಾಗಿ ಸೆರೊಟೋನಿನ್ ಎಂಬ ಬೇರೊಂದು ಸಂದೇಶವಾಹಕದ ನರತುದಿಗಳಿಗೆ. ಇಲ್ಲಿ ಒಂದು ತೊಡಕಿದೆ. ದೊಡ್ಡ ಇಲಿಗಳಲ್ಲಿ, ಕೋತಿಗಳಲ್ಲಿ ಅದು ಸೆರೊಟೋನಿನ್ ತಗ್ಗಿಸಿದರೆ, ಚಿಟ್ಟಿಲಿಗಳಲ್ಲಿ ಡೋಪಮಿನ್ ತಗ್ಗಿಸುತ್ತದೆ. ಆದ್ದರಿಂದ ‘ಈ ಎಲೆಯ ಸಾರ ಚಿಟ್ಟಿಲಿಯಲ್ಲಿ ಎಂಡಿಎಂಎ ಹಾನಿಯನ್ನು ತಡೆಯಿತು’ ಎಂಬ ಸುದ್ದಿ ಬಂದರೆ ಅದು ಮನುಷ್ಯನ ಮಿದುಳಿಗೆ ಆಗುವ ಹಾನಿಗಿಂತ ಬೇರೆಯದೇ ಹಾನಿಯ ಸುದ್ದಿ. ಪ್ರಯೋಗಾಲಯದ ಎಡವಟ್ಟು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದೇ ಕ್ಷೇತ್ರದಲ್ಲಿ ಒಂದು ಉದಾಹರಣೆಯಿದೆ: ಎಂಡಿಎಂಎ ಕೋತಿಗಳ ಡೋಪಮಿನ್ ನರಗಳನ್ನು ನಾಶ ಮಾಡುತ್ತದೆ ಎಂದು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು 2003ರಲ್ಲಿ ಹಿಂಪಡೆಯಬೇಕಾಯಿತು. ಸೀಸೆಯ ಚೀಟಿ ಅದಲುಬದಲಾಗಿ ಕೋತಿಗಳಿಗೆ ಕೊಟ್ಟದ್ದು ಮೆಥಾಂಫೆಟಮಿನ್ ಆಗಿತ್ತು.

ಗಿಡಗಳ ಅಂಶಗಳು ಈ ಸರಣಿಯ ನಡುವಿನ ಕೊಂಡಿಗಳನ್ನು ಹಿಡಿಯುತ್ತವೆ ಎಂಬುದು ಸಂಶೋಧಕರ ನಿರೀಕ್ಷೆ. ಅರಿಶಿನದ ಕರ್ಕ್ಯುಮಿನ್, ಹಸಿರು ಚಹಾದ ಇಜಿಸಿಜಿ, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಚೀನೀ ವೈದ್ಯದ ಸ್ಕುಟೆಲೇರಿಯಾ ಬೇರಿನ ಬೈಕಲೀನ್, ಹಾಲುಮುಳ್ಳಿನ ಬೀಜದ ಸಿಲಿಬಿನಿನ್, ಕೇಸರಿಯ ಕ್ರೋಸಿನ್ ಇವೆಲ್ಲ ಇಲಿಗಳಲ್ಲಿ ಮೆಥಾಂಫೆಟಮಿನ್ ಹಾನಿಯನ್ನು ಒಂದಷ್ಟು ತಗ್ಗಿಸಿವೆ. ನಮ್ಮ ಒಂದೆಲಗವೂ ಪಟ್ಟಿಯಲ್ಲಿದೆ. ಅದರಲ್ಲಿರುವ ಏಷಿಯಾಟಿಕ್ ಆಮ್ಲ ಮೆಥಾಂಫೆಟಮಿನ್‌ನಿಂದ ನರಕೋಶಗಳಲ್ಲಿ ಏಳುವ ಉರಿಯೂತವನ್ನೂ ಸಾವನ್ನೂ ತಗ್ಗಿಸಿತು ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಮೂಲದ ಕೋಶಗಳ ಮೇಲೆ ನಡೆದದ್ದು. ತಟ್ಟೆಯಲ್ಲಿರುವ ಕೋಶಕ್ಕೆ ಅಂಶ ನೇರವಾಗಿ ತಾಗುತ್ತದೆ. ತಂಬುಳಿ ಕುಡಿದವರ ಹೊಟ್ಟೆ, ಯಕೃತ್ತು, ರಕ್ತ ಮತ್ತು ಮಿದುಳಿನ ನಡುವಣ ತಡೆ, ಇವುಗಳಲ್ಲಿ ಯಾವುದೂ ಆ ತಟ್ಟೆಯಲ್ಲಿ ಇರುವುದಿಲ್ಲ.

ಇಲಿಯ ಪ್ರಯೋಗ ಹೇಗೆ ನಡೆಯುತ್ತದೆ ಎಂದು ತಿಳಿದರೆ ಸಮಯದ ಮಾತು ಅರ್ಥವಾಗುತ್ತದೆ. ಸಾಮಾನ್ಯ ಕ್ರಮ ಹೀಗೆ: ಒಂದೇ ದಿನ ಎರಡೆರಡು ಗಂಟೆಗೊಮ್ಮೆ ನಾಲ್ಕು ಸಲ, ಪ್ರತಿ ಕಿಲೋ ತೂಕಕ್ಕೆ 5ರಿಂದ 10 ಮಿಲಿಗ್ರಾಂ ಮೆಥಾಂಫೆಟಮಿನ್ ಚುಚ್ಚುತ್ತಾರೆ. ಗಿಡದ ಅಂಶವನ್ನು ಅದಕ್ಕೆ ಅರ್ಧ ಗಂಟೆ ಮೊದಲು, ಕೆಲವೊಮ್ಮೆ ವಾರದ ಮೊದಲಿಂದಲೇ ಕೊಡುತ್ತಾರೆ. ಮೂರರಿಂದ ಏಳು ದಿನದ ಮೇಲೆ ಡೋಪಮಿನ್ ನರತುದಿಗಳು ದಟ್ಟವಾಗಿರುವ ಸ್ಟ್ರಯೇಟಮ್ ಎಂಬ ಮಿದುಳಿನ ಭಾಗ ತೆಗೆದು ಡೋಪಮಿನ್ ಅಳೆಯುತ್ತಾರೆ. ಮನುಷ್ಯ ವರ್ಷಗಟ್ಟಲೆ ಏರುತ್ತಾ ಹೋದ ಪ್ರಮಾಣದಲ್ಲಿ, ಸಿಗರೇಟು ಮದ್ಯಗಳ ಜೊತೆ, ಊಟ ನಿದ್ದೆ ಬಿಟ್ಟು ಬಳಸಿರುತ್ತಾನೆ. ಅವನಿಗೆ ಬೇಕಾದದ್ದು ಆಗಿಹೋದ ಹಾನಿಯ ದುರಸ್ತಿ. ಮೊದಲೇ ಕೊಟ್ಟರೆ ತಡೆಯುವ ವಸ್ತು ಆಮೇಲೆ ಕೊಟ್ಟರೆ ದುರಸ್ತಿ ಮಾಡುತ್ತದೆ ಎಂಬುದಕ್ಕೆ ಯಾವ ಕಾರಣವೂ ಇಲ್ಲ, ಎರಡೂ ಬೇರೆ ಬೇರೆ ಕೆಲಸ. ಇನ್ನು ‘ಮೊದಲೇ ಗುಳಿಗೆ ನುಂಗಿ ಆಮೇಲೆ ಡ್ರಗ್ಸ್ ತೆಗೆದುಕೊಂಡರೆ ಏನೂ ಆಗದು’ ಎಂದು ಯಾರಾದರೂ ಈ ಪ್ರಯೋಗಗಳನ್ನು ಓದಿಕೊಂಡರೆ ಅದು ಇನ್ನೂ ಅಪಾಯ. ಇಲಿಯ ಡೋಪಮಿನ್ ಉಳಿಯಿತು ಎಂದರೆ ಅದರ ಹೃದಯ, ರಕ್ತನಾಳ ಉಳಿದವು ಎಂದಲ್ಲ.

ಎರಡನೇ ತೊಡಕು ಮೈಬಿಸಿಯದು. ತಣ್ಣನೆಯ ಕೋಣೆಯಲ್ಲಿಟ್ಟ ಇಲಿಗೆ ಅದೇ ಪ್ರಮಾಣದ ಮೆಥಾಂಫೆಟಮಿನ್ ಕೊಟ್ಟರೆ ಮಿದುಳಿನ ಹಾನಿ ಬಹಳ ಕಡಿಮೆ. ಇದು 1990ರ ದಶಕದಿಂದಲೇ ಗೊತ್ತಿರುವ ಸಂಗತಿ. ಹಾಗಾಗಿ ಮೈ ತಣ್ಣಗಾಗಿಸುವ ಯಾವುದೇ ವಸ್ತು, ಇಲಿಯನ್ನು ಮಂಕಾಗಿಸಿ ಓಡಾಟ ತಗ್ಗಿಸುವ ಯಾವುದೇ ವಸ್ತು, ಪ್ರಯೋಗದಲ್ಲಿ ‘ಮಿದುಳು ರಕ್ಷಕ’ ಎಂದು ಕಾಣಿಸುತ್ತದೆ. ಗಿಡದ ಅಂಶ ಉತ್ಕರ್ಷಣವನ್ನು ತಡೆದು ಕಾಪಾಡಿತೋ, ಬರೀ ಬಿಸಿ ಇಳಿಸಿ ಕಾಪಾಡಿತೋ ಎಂದು ಬೇರ್ಪಡಿಸಲು ಪ್ರತಿ ಗಂಟೆ ಇಲಿಯ ಮೈಬಿಸಿ ಅಳೆದು ಬರೆದಿಡಬೇಕು. ಆ ಅಂಕಿ ಇಲ್ಲದ ಪ್ರಬಂಧವನ್ನು ಅರ್ಧ ಪ್ರಬಂಧ ಎಂದೇ ಎಣಿಸಬೇಕು.

ಮೂರನೆಯದು, ಅಂಶ ಮಿದುಳಿನವರೆಗೆ ತಲುಪುವ ಪ್ರಶ್ನೆ. ಅರಿಶಿನದ ಲೆಕ್ಕ ಹಾಕಿ ನೋಡಿ. ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದು ಟೀ ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ ಸಿಗುವುದು 90 ಮಿಲಿಗ್ರಾಂ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರು. ಅಷ್ಟು ಕರ್ಕ್ಯುಮಿನ್ ಅಡುಗೆಯ ಅರಿಶಿನದಿಂದ ಬೇಕೆಂದರೆ ಸುಮಾರು 67 ಗ್ರಾಂ ಪುಡಿ, ಇಪ್ಪತ್ತು ಚಮಚಕ್ಕೂ ಮೇಲೆ ತಿನ್ನಬೇಕು. ಅಷ್ಟು ಕೊಟ್ಟರೂ ರಕ್ತದಲ್ಲಿ ಕಂಡದ್ದು ಇಲ್ಲವೆನ್ನುವಷ್ಟು. ಕರುಳಿನ ಗೋಡೆ ಮತ್ತು ಯಕೃತ್ತು ಅದಕ್ಕೆ ಗ್ಲುಕುರೋನಿಕ್ ಆಮ್ಲ ಅಂಟಿಸಿ ಹೊರಗೆ ತಳ್ಳುತ್ತವೆ. ಜೊತೆಯಲ್ಲಿ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟಾಗ ಹೀರಿಕೆ ಶೇ 2000 ಏರಿತು. ಪೈಪರಿನ್ ಶೇ 5 ಎಂದಿಟ್ಟುಕೊಂಡರೆ ಅದು ಎಂಟು ಹತ್ತು ಕಾಳಿನಷ್ಟು. ಈ ಶೇ 2000 ಎಂಬ ಅಂಕಿಯನ್ನು ಇಂದು ಅನೇಕ ಗುಳಿಗೆ ಡಬ್ಬಿಗಳ ಮೇಲೆ ಕಾಣಬಹುದು. ಡಬ್ಬಿ ಹೇಳದ ಭಾಗ ಇದು: ಇಲ್ಲವೆನ್ನುವಷ್ಟಿದ್ದುದು ಇಪ್ಪತ್ತು ಪಟ್ಟಾದರೂ ಕಡಿಮೆಯೇ, ಆ ಏರಿಕೆ ಕಂಡದ್ದೂ ಮೊದಲ ಒಂದು ಗಂಟೆಯೊಳಗೆ.

ಪ್ರಮಾಣ ಪರಿವರ್ತನೆಯಲ್ಲೂ ಹಲವರು ಎಡವುತ್ತಾರೆ. ಚಿಟ್ಟಿಲಿಗೆ ಕಿಲೋಗೆ 100 ಮಿಲಿಗ್ರಾಂ ಕೊಟ್ಟರೆ 60 ಕಿಲೋ ಮನುಷ್ಯನಿಗೆ 6 ಗ್ರಾಂ ಎಂದು ನೇರ ಗುಣಿಸುವುದು ತಪ್ಪು. ಮೈಯ ಮೇಲ್ಮೈ ಲೆಕ್ಕದಲ್ಲಿ ಚಿಟ್ಟಿಲಿಯ ಪ್ರಮಾಣವನ್ನು 12.3ರಿಂದ, ದೊಡ್ಡ ಇಲಿಯದನ್ನು 6.2ರಿಂದ ಭಾಗಿಸಬೇಕು. ಆಗ ಕಿಲೋಗೆ 8 ಮಿಲಿಗ್ರಾಂ, ಒಟ್ಟು ಸುಮಾರು 490 ಮಿಲಿಗ್ರಾಂ ಬರುತ್ತದೆ. ‘ಓ, ಒಂದು ಗುಳಿಗೆ ಸಾಕು’ ಎನಿಸಬಹುದು. ಆದರೆ ಅನೇಕ ಪ್ರಯೋಗಗಳಲ್ಲಿ ಇಲಿಗೆ ಅದನ್ನು ಹೊಟ್ಟೆಯ ಪೊರೆಯೊಳಗೆ ಚುಚ್ಚಿರುತ್ತಾರೆ, ಬಾಯಿಯಿಂದ ಕೊಟ್ಟಿರುವುದಿಲ್ಲ. ಕರುಳಿನ ಗೋಡೆಯ ತಡೆಯೇ ಇಲ್ಲದೆ ಒಳಹೋದ ಪ್ರಮಾಣವನ್ನು ಗುಳಿಗೆಯ ಪ್ರಮಾಣಕ್ಕೆ ಹೋಲಿಸಲು ಬರುವುದಿಲ್ಲ.

ಮೆಣಸಿನ ಗುಣ ಎರಡು ಅಲಗಿನದು. ಪೈಪರಿನ್ ಕರ್ಕ್ಯುಮಿನ್‌ಗೆ ಮಾತ್ರ ದಾರಿ ಬಿಡುವುದಿಲ್ಲ, ದೇಹ ಔಷಧಗಳನ್ನು ಹೊರಹಾಕುವ ವ್ಯವಸ್ಥೆಯನ್ನೇ ನಿಧಾನ ಮಾಡುತ್ತದೆ. ಫಿನಿಟಾಯಿನ್, ಕಾರ್ಬಮಜೆಪಿನ್, ಪ್ರೊಪ್ರನಲಾಲ್, ಥಿಯೋಫಿಲಿನ್‌ಗಳ ರಕ್ತದ ಮಟ್ಟ ಏರಿದ್ದನ್ನು ಭಾರತದಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಸಾರಿಗೆ ಹಾಕುವ ನಾಲ್ಕು ಕಾಳಿಗೆ ಹೆದರಬೇಕಿಲ್ಲ. ಆದರೆ ವ್ಯಸನ ಬಿಡಿಸಲು, ಮೂರ್ಛೆಗೆ, ಮನೋರೋಗಕ್ಕೆ ಮಾತ್ರೆ ನುಂಗುತ್ತಿರುವವರು ಪೈಪರಿನ್ ಸೇರಿಸಿದ ಗುಳಿಗೆಯನ್ನು ದಿನವೂ ತೆಗೆದುಕೊಂಡರೆ ವೈದ್ಯರು ಬರೆದ ಪ್ರಮಾಣ ಒಳಗೊಳಗೇ ಬೇರೆಯಾಗಿಬಿಡುತ್ತದೆ.

ಯಕೃತ್ತಿನ ಮಾತೂ ಇದೆ. ಅಮೆರಿಕದ ಔಷಧಜನ್ಯ ಯಕೃತ್ ಹಾನಿ ಜಾಲ 2022ರಲ್ಲಿ ಅರಿಶಿನದ ಗುಳಿಗೆಗಳಿಂದಾದ 10 ಪ್ರಕರಣ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರಲ್ಲಿ ಒಂದೇ ಬಗೆಯ ರೋಗನಿರೋಧಕ ವಂಶವಾಹಿ ಇತ್ತು, ಒಬ್ಬರು ತೀರಿಕೊಂಡರು. ಹಸಿರು ಚಹಾದ ಸಾರದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮತ್ತು ಮೇಲ್ಪಟ್ಟ ಇಜಿಸಿಜಿ ಯಕೃತ್ತಿನ ಕಿಣ್ವಗಳನ್ನು ಏರಿಸುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು. ಅಡುಗೆಯ ಅರಿಶಿನಕ್ಕೂ ಲೋಟದ ಚಹಾಕ್ಕೂ ಈ ಮಾತು ಅನ್ವಯಿಸದು. ಎಂಡಿಎಂಎಯೇ ಯಕೃತ್ತಿಗೆ ಪೆಟ್ಟು ಕೊಡುವ ವಸ್ತು ಎಂಬುದನ್ನು ಮಾತ್ರ ನೆನಪಿಡಬೇಕು. ಮೊದಲೇ ನೊಂದ ಯಕೃತ್ತಿನ ಮೇಲೆ ಸಾಂದ್ರ ಸಾರದ ಹೊರೆ ಹೇರುವುದು ಯಾವ ಲೆಕ್ಕದಲ್ಲೂ ಚಿಕಿತ್ಸೆಯಲ್ಲ.

ಮಲೆನಾಡಿನವರು ಗಮನಿಸಬೇಕಾದ ಇನ್ನೊಂದು ಸಂಗತಿ, ಬ್ರಾಹ್ಮಿ ಎಂಬ ಹೆಸರಿನಲ್ಲಿ ಎರಡು ಗಿಡ ಮಾರಾಟವಾಗುತ್ತವೆ. ಒಂದೆಲಗದ್ದು ದುಂಡಗಿನ, ಅಂಚು ಹಲ್ಲುಹಲ್ಲಾದ ಎಲೆ, ಒಂದೊಂದು ತೊಟ್ಟಿಗೆ ಒಂದೊಂದು. ನೀರುಬ್ರಾಹ್ಮಿಯದು ದಪ್ಪನೆಯ, ಚಿಕ್ಕ, ಎದುರುಬದುರು ಎಲೆ, ಕೆಸರಿನಲ್ಲಿ ಹಬ್ಬುತ್ತದೆ, ಬಿಳಿ ಇಲ್ಲವೇ ತಿಳಿನೇರಳೆ ಹೂ ಬಿಡುತ್ತದೆ. ನೆನಪಿನ ಶಕ್ತಿಯ ಬಗ್ಗೆ ಮನುಷ್ಯರ ಮೇಲೆ ನಡೆದ ಹೆಸರುವಾಸಿ ಪ್ರಯೋಗಗಳು ನೀರುಬ್ರಾಹ್ಮಿಯವು: ಆರೋಗ್ಯವಂತರಿಗೆ ದಿನಕ್ಕೆ 300 ಮಿಲಿಗ್ರಾಂ ಪ್ರಮಾಣೀಕೃತ ಸಾರ, 12 ವಾರ. ಲಾಭ ಕಂಡಿದೆ, ಅಲ್ಪ. ಉತ್ತೇಜಕ ಬಳಸಿದವರ ಮೇಲೆ ಆ ಪ್ರಯೋಗ ನಡೆದದ್ದಲ್ಲ. ಪುಡಿಯಾಗಿ ಬಂದ ಮೇಲೆ ಕಣ್ಣಿನಲ್ಲಿ ಎರಡನ್ನೂ ಬೇರ್ಪಡಿಸಲಾಗದು. ಕೆಸರು ಗಿಡಗಳು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುತ್ತವೆ, ಹಾಗಾಗಿ ಎಲ್ಲಿ ಬೆಳೆದದ್ದು ಎಂಬುದೂ ಮುಖ್ಯ. ಒಂದೆಲಗದ ತಂಬುಳಿ ಊಟದ ಭಾಗವಾಗಿ ಇರಲಿ, ಊಟವೇ ಬಿಟ್ಟಿದ್ದ ಹುಡುಗನಿಗೆ ಮಜ್ಜಿಗೆ, ಕಾಯಿ, ಅನ್ನ ಒಳಗೆ ಹೋಗುವುದೇ ದೊಡ್ಡದು. ಅದನ್ನು ಔಷಧ ಎಂದು ಎಣಿಸಿ ಆಸ್ಪತ್ರೆ ತಪ್ಪಿಸಬಾರದು ಅಷ್ಟೆ.

ನಸುಗುನ್ನಿಯ ವಿಚಾರದಲ್ಲಿ ಮಾತು ಇನ್ನೂ ಗಡುಸಾಗಿ ಹೇಳಬೇಕು. ‘ಡ್ರಗ್ಸ್‌ನಿಂದ ಡೋಪಮಿನ್ ಖಾಲಿಯಾಗಿದೆ, ನಸುಗುನ್ನಿ ಬೀಜದಲ್ಲಿ ಡೋಪಮಿನ್ ತಯಾರಾಗುವ ವಸ್ತು ಇದೆ, ತುಂಬಿಸೋಣ’ ಎಂಬ ತರ್ಕ ಕೇಳಲು ಸರಿ ಎನಿಸುತ್ತದೆ. ಬೀಜದಲ್ಲಿ ಎಲ್-ಡೋಪಾ ಶೇ 4ರಿಂದ 6 ಇರುವುದು ನಿಜ. 5 ಗ್ರಾಂ ಪುಡಿಯಲ್ಲಿ 200 ಮಿಲಿಗ್ರಾಂಗೂ ಮೇಲೆ. ಆದರೆ ಮೆಥಾಂಫೆಟಮಿನ್ ಹಾನಿ ನಡೆಯುವುದೇ ಡೋಪಮಿನ್ ಮೂಲಕ. ಡೋಪಮಿನ್ ತಯಾರಿಕೆಯನ್ನು ತಡೆಯುವ ಔಷಧ ಕೊಟ್ಟಾಗ ಇಲಿಗಳಿಗೆ ಹಾನಿಯಾಗಲಿಲ್ಲ, ಆ ಇಲಿಗಳಿಗೇ ಎಲ್-ಡೋಪಾ ಕೊಟ್ಟಾಗ ಹಾನಿ ಮರಳಿತು. ಇನ್ನೂ ಕದ್ದುಮುಚ್ಚಿ ಬಳಸುತ್ತಿರುವವನಿಗೆ ನಸುಗುನ್ನಿ ಕೊಡುವುದು ಉರಿಗೆ ಸೌದೆ ಒಟ್ಟಿದಂತೆ. ಬಿಟ್ಟವನಿಗೂ ಸಂಶಯ, ಭ್ರಮೆ ಇದ್ದರೆ ಅದು ಅವನ್ನು ಕೆರಳಿಸಬಹುದು.

ಇನ್ನು ಕಾಫಿ. ಬಾಬಾಬುಡನ್‌ಗಿರಿಯ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ನಾಡಿನಲ್ಲಿ ಕಾಫಿಯ ಒಳ್ಳೆಯ ಗುಣಗಳು ಎಲ್ಲರಿಗೂ ಬಾಯಿಪಾಠ. ಡೋಪಮಿನ್ ನರಗಳು ಸತ್ತು ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಕಾಫಿ ಕುಡಿಯುವವರಲ್ಲಿ ಕಡಿಮೆ ಎಂಬುದು ಹವಾಯಿಯಲ್ಲಿ 8,004 ಗಂಡಸರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದಲ್ಲಿ 2000ದಲ್ಲಿ ವರದಿಯಾಯಿತು. ಡೋಪಮಿನ್ ನರಗಳನ್ನು ಕೊಲ್ಲುವ ಎಂಪಿಟಿಪಿ ಎಂಬ ವಿಷದಿಂದ ಕೆಫೀನ್ ಚಿಟ್ಟಿಲಿಗಳನ್ನು ಒಂದಷ್ಟು ಕಾಪಾಡಿದ್ದೂ 2001ರ ಸಂಗತಿ. ಮೆಥಾಂಫೆಟಮಿನ್ ಬಳಸಿ ಆಸ್ಪತ್ರೆ ಸೇರಿದವರಲ್ಲಿ ಮುಂದೆ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಒಂದೂಮುಕ್ಕಾಲು ಪಟ್ಟು ಎಂದು ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳು ತೋರಿಸಿವೆ. ಈ ಮೂರನ್ನೂ ಸೇರಿಸಿ ‘ಹಾಗಾದರೆ ಕಾಫಿ ಕಾಯುತ್ತದೆ’ ಎಂದು ತೀರ್ಮಾನಿಸುವುದು ಸುಲಭ.

ನಡೆದದ್ದು ತದ್ವಿರುದ್ಧ. ಐರ್ಲೆಂಡಿನ ಡಬ್ಲಿನ್‌ನಲ್ಲಿ 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳಿಗೆ ಎಂಡಿಎಂಎ ಜೊತೆ ಕಿಲೋಗೆ 10 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಮೈಬಿಸಿ ಅಪಾಯಕರವಾಗಿ ಏರಿತು, ಸೆರೊಟೋನಿನ್ ನಷ್ಟವೂ ಹೆಚ್ಚಾಯಿತು. ಆ 10 ಮಿಲಿಗ್ರಾಂ ಅನ್ನು 6.2ರಿಂದ ಭಾಗಿಸಿ 60 ಕಿಲೋಗೆ ಗುಣಿಸಿ: 97 ಮಿಲಿಗ್ರಾಂ. ಒಂದು ಗಟ್ಟಿ ಲೋಟ ಫಿಲ್ಟರ್ ಕಾಫಿಯಷ್ಟು. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ 1.2, ರೋಬಸ್ಟಾದಲ್ಲಿ ಶೇ 2.2ರ ಆಸುಪಾಸು, ಚಿಕೋರಿಯಲ್ಲಿ ಇಲ್ಲ. ಹಾಗಾಗಿ ರೋಬಸ್ಟಾ ಹೆಚ್ಚಿರುವ ಪುಡಿಯ ಡಿಕಾಕ್ಷನ್ ಅದೇ ಲೋಟದಲ್ಲಿ ಹೆಚ್ಚು ಕೊಡುತ್ತದೆ. ಎನರ್ಜಿ ಡ್ರಿಂಕ್‌ನ 250 ಮಿಲಿ ಡಬ್ಬಿಯಲ್ಲಿ ಸುಮಾರು 80 ಮಿಲಿಗ್ರಾಂ, ಪಾರ್ಟಿಗಳಲ್ಲಿ ಒಂದಕ್ಕೆ ನಿಲ್ಲುವುದಿಲ್ಲ. ಥಾಯ್ಲೆಂಡ್ ಕಡೆಯ ‘ಯಾಬಾ’ ಮಾತ್ರೆಯಲ್ಲಂತೂ ಮೆಥಾಂಫೆಟಮಿನ್ ಮತ್ತು ಕೆಫೀನ್ ಬೆರೆಸಿಯೇ ಬರುತ್ತದೆ. ಒಂದು ವಿಷದಲ್ಲಿ ಕಾಪಾಡಿದ ಅಂಶ ಇನ್ನೊಂದರಲ್ಲಿ ಕೊಲ್ಲಲು ನೆರವಾಗುವುದಕ್ಕೆ ಕಾರಣ ಇದು: ಎಂಪಿಟಿಪಿ ಮೈಬಿಸಿಯನ್ನು ಆ ರೀತಿ ಏರಿಸುವುದಿಲ್ಲ, ಹೃದಯವನ್ನು ಓಡಿಸುವುದಿಲ್ಲ. ಉತ್ತೇಜಕ ಎರಡನ್ನೂ ಮಾಡುತ್ತದೆ, ಕೆಫೀನ್ ಅದಕ್ಕೆ ಕೈಜೋಡಿಸುತ್ತದೆ. ಅಮಲೇರಿದವನನ್ನು ಎಚ್ಚರಗೊಳಿಸಲು ಸ್ಟ್ರಾಂಗ್ ಕಾಫಿ ಕುಡಿಸುವ ಅಭ್ಯಾಸ ಮದ್ಯದ ವಿಷಯದಲ್ಲೂ ಉಪಯೋಗವಿಲ್ಲದ್ದು, ಇಲ್ಲಿ ಪ್ರಾಣಾಪಾಯ.

ಮನುಷ್ಯರ ಮೇಲೆ ಏನಾದರೂ ಪರೀಕ್ಷಿಸಿದ್ದಾರೆಯೇ? ಕೆಲವು. ಕೊಕೇನ್ ವ್ಯಸನಿಗಳಿಗೆ ಗಿಂಕೊ ಎಲೆಯ ಸಾರ ಮತ್ತು ಪಿರಾಸಿಟಮ್ ಕೊಟ್ಟು ನೋಡಿದ ಚಿಕ್ಕ ಪ್ರಯೋಗ 2003ರಲ್ಲಿ ಬಂತು. ಗಿಂಕೊ, ಔಷಧವೇ ಇಲ್ಲದ ಸಪ್ಪೆ ಗುಳಿಗೆಗಿಂತ ಮೇಲಾಗಲಿಲ್ಲ. ನಮ್ಮಲ್ಲಿ ‘ಮೆದುಳಿನ ಟಾನಿಕ್’ ಎಂದು ಸಲೀಸಾಗಿ ಬರೆಸಿಕೊಳ್ಳುವ ಪಿರಾಸಿಟಮ್ ಗುಂಪಿನಲ್ಲಿ ಕೊಕೇನ್ ಬಳಕೆ ಹೆಚ್ಚೇ ಕಂಡಿತು. ಗಿಡದ್ದಲ್ಲದಿದ್ದರೂ ಉತ್ಕರ್ಷಣ ತಡೆಯುವ ವಸ್ತುವೇ ಆದ ಎನ್-ಅಸಿಟೈಲ್‌ಸಿಸ್ಟೀನನ್ನು ಆಸ್ಟ್ರೇಲಿಯಾದಲ್ಲಿ 153 ಮಂದಿ ಮೆಥಾಂಫೆಟಮಿನ್ ವ್ಯಸನಿಗಳ ಮೇಲೆ ಪರೀಕ್ಷಿಸಿದರು. ದಿನಕ್ಕೆ 2,400 ಮಿಲಿಗ್ರಾಂ, 12 ವಾರ. 2021ರ ಫಲಿತಾಂಶ: ಬಳಕೆ ತಗ್ಗಲಿಲ್ಲ. ಇಲಿಗಳಲ್ಲಿ ಇದರ ದಾಖಲೆ ಚೆನ್ನಾಗಿಯೇ ಇತ್ತು.

ಹಾಗೆಂದು ಮಿದುಳು ಚೇತರಿಸಿಕೊಳ್ಳುವುದೇ ಇಲ್ಲವೆಂದಲ್ಲ. ಹೆತ್ತವರು ಗಟ್ಟಿಯಾಗಿ ಹಿಡಿಯಬೇಕಾದ ಸುದ್ದಿ ಇದು. ಅಮೆರಿಕದ ನೋರಾ ವೋಲ್ಕೋ ತಂಡ 2001ರಲ್ಲಿ ಪ್ರಕಟಿಸಿದ ಪೆಟ್ ಸ್ಕ್ಯಾನ್ ಅಧ್ಯಯನದಲ್ಲಿ, ಬಿಟ್ಟು 12ರಿಂದ 17 ತಿಂಗಳಾದಾಗ ಡೋಪಮಿನ್ ಬಾಗಿಲುಗಳ ಸಂಖ್ಯೆ ಸ್ಟ್ರಯೇಟಮ್‌ನ ಕಾಡೇಟ್ ಭಾಗದಲ್ಲಿ ಶೇ 19, ಪುಟಮೆನ್‌ನಲ್ಲಿ ಶೇ 16 ಏರಿತ್ತು. ನೋಡಿದ್ದು ಐದೇ ಮಂದಿಯನ್ನು, ನೆನಪು ಮತ್ತು ಚಲನೆಯ ಪರೀಕ್ಷೆಗಳಲ್ಲಿ ಅಷ್ಟು ಸುಧಾರಣೆ ಇರಲಿಲ್ಲ. ಆದರೂ ನರತುದಿಗಳೆಲ್ಲ ಸತ್ತೇ ಹೋಗಿರುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಲಾಸ್ ಏಂಜಲೀಸ್‌ನಲ್ಲಿ ವ್ಯಸನ ಬಿಟ್ಟವರಿಗೆ ಎಂಟು ವಾರ, ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ ಮೇಲ್ವಿಚಾರಣೆಯ ವ್ಯಾಯಾಮ ಮಾಡಿಸಿದಾಗ ಡೋಪಮಿನ್ ಗ್ರಾಹಕಗಳು, ಅಂದರೆ ಆ ಸಂದೇಶ ಹಿಡಿಯುವ ಅಣುಗಳು, ಏರಿದ್ದು 2016ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡದ ಗುಂಪಿನಲ್ಲಿ ಆ ಏರಿಕೆ ಇರಲಿಲ್ಲ. ಮಿದುಳಿನ ಚಿತ್ರದಲ್ಲೇ ಕಂಡ ಇಂಥ ಬದಲಾವಣೆಯನ್ನು ನಾವು ಮೇಲೆ ಹೇಳಿದ ಯಾವ ಗಿಡದ ಅಂಶವೂ ಮನುಷ್ಯರಲ್ಲಿ ತೋರಿಸಿಲ್ಲ.

ಬಳಕೆ ನಿಲ್ಲಿಸಲು ಅತಿ ಹೆಚ್ಚು ಪುರಾವೆ ಇರುವ ಕ್ರಮ ಯಾವ ಗುಳಿಗೆಯೂ ಅಲ್ಲ. ವಾರಕ್ಕೆ ಎರಡು ಸಲ ಮೂತ್ರ ಪರೀಕ್ಷೆ ಮಾಡಿ, ಶುದ್ಧ ಬಂದಾಗಲೆಲ್ಲ ಕೂಡಲೇ ಚಿಕ್ಕ ಬಹುಮಾನ ಕೊಡುವುದು, ಸತತವಾಗಿ ಶುದ್ಧ ಬಂದಂತೆ ಬಹುಮಾನ ಏರಿಸುವುದು, ತಪ್ಪಿದರೆ ಮೊದಲಿನ ಮಟ್ಟಕ್ಕೆ ಇಳಿಸುವುದು. ವಾರಕ್ಕೆ ಎರಡು ಸಲ ಏಕೆಂದರೆ ಮೆಥಾಂಫೆಟಮಿನ್ ಮೂತ್ರದಲ್ಲಿ ಕಾಣುವುದು ಎರಡರಿಂದ ನಾಲ್ಕು ದಿನ ಮಾತ್ರ. ಇದನ್ನು ಮನೆಯಲ್ಲಿ ದುಡ್ಡು ಕೊಟ್ಟು ಮಾಡಲು ಹೋದರೆ ಕೆಡುತ್ತದೆ, ಪರೀಕ್ಷಿಸುವವರು ಹೊರಗಿನವರಾಗಿರಬೇಕು. ಔಷಧಗಳಲ್ಲಿ 2021ರಲ್ಲಿ ಬಂದ 403 ಮಂದಿಯ ಪ್ರಯೋಗ ಮುಖ್ಯ: ಮೂರು ವಾರಕ್ಕೊಮ್ಮೆ 380 ಮಿಲಿಗ್ರಾಂ ನಾಲ್‌ಟ್ರೆಕ್ಸೋನ್ ಚುಚ್ಚುಮದ್ದು, ದಿನಕ್ಕೆ 450 ಮಿಲಿಗ್ರಾಂ ಬುಪ್ರೊಪಿಯಾನ್. ಫಲಿಸಿದ್ದು ಶೇ 13.6 ಮಂದಿಗೆ, ಸಪ್ಪೆ ಔಷಧದಲ್ಲಿ ಶೇ 2.5. ಚಿಕ್ಕ ಗೆಲುವು, ಆದರೆ ಮನುಷ್ಯರಲ್ಲಿ ಸಿಕ್ಕ ಗೆಲುವು.

ತುರ್ತು ಸ್ಥಿತಿಯಲ್ಲಿ ಮಿದುಳನ್ನು ಉಳಿಸುವುದು ಮೈ ತಣಿಸುವ ಕೆಲಸ. ಮೈ ಸುಡುತ್ತಿದ್ದು, ದವಡೆ ಕಚ್ಚಿಕೊಂಡು, ಗೊಂದಲದ ಮಾತಾಡುತ್ತಿದ್ದರೆ 108ಕ್ಕೆ ಕರೆ ಮಾಡಿ, ಕಾಯದೆ ತಣಿಸಲು ಶುರು ಮಾಡಬೇಕು. ಕಳಸದಿಂದ ಚಿಕ್ಕಮಗಳೂರಿಗೆ ಘಾಟಿಯಲ್ಲಿ ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ, ಅರ್ಧ ಗಂಟೆಯೊಳಗೆ ಬಿಸಿ 39ಕ್ಕಿಂತ ಕೆಳಗೆ ಬರಬೇಕು. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಚಿಮುಕಿಸಿ ಫ್ಯಾನ್ ಹಾಕಿ, ಕಂಕುಳು ಮತ್ತು ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಪ್ಯಾರಸಿಟಮಾಲ್ ಪ್ರಯೋಜನವಿಲ್ಲ, ಇದು ಸೋಂಕಿನ ಜ್ವರವಲ್ಲ. ಎಚ್ಚರವಿದ್ದರೆ ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ, ಚೊಂಬುಗಟ್ಟಲೆ ನೀರು ಬೇಡ. ಎಂಡಿಎಂಎಯಲ್ಲಿ ದೇಹ ನೀರು ಹಿಡಿದಿಟ್ಟುಕೊಂಡು ರಕ್ತದ ಸೋಡಿಯಂ ಇಳಿಯುತ್ತದೆ, ಅತಿಯಾಗಿ ಕುಡಿಸಿದರೆ ಮಿದುಳೇ ಊದಿಕೊಳ್ಳಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ. ಕಷಾಯ, ಕಾಫಿ, ಹುಣಸೆನೀರು, ನಿಂಬೆರಸ ಯಾವುದೂ ಬೇಡ. ಹುಳಿಯಿಂದ ಅಮಲು ಇಳಿಯುತ್ತದೆ ಎಂಬ ನಂಬಿಕೆಯ ಹಿಂದೆ ಒಂದು ಎಳೆ ನಿಜವಿದೆ: ಮೂತ್ರ ಆಮ್ಲೀಯವಾದರೆ ಆಂಫೆಟಮಿನ್ ಬೇಗ ಹೊರಹೋಗುತ್ತದೆ. ಆದರೆ ನಿಂಬೆಯ ಸಿಟ್ರೇಟ್ ದೇಹದೊಳಗೆ ಬೈಕಾರ್ಬನೇಟ್ ಆಗಿ ಮೂತ್ರವನ್ನು ಕ್ಷಾರದ ಕಡೆಗೇ ತಿರುಗಿಸುತ್ತದೆ. ಆಮ್ಲ ಕೊಟ್ಟು ತೊಳೆಯುವ ಕ್ರಮವನ್ನು ವೈದ್ಯರೂ ಕೈಬಿಟ್ಟಿದ್ದಾರೆ, ಬಿಸಿಯಿಂದ ಸ್ನಾಯು ಕರಗಿದಾಗ ಅದು ಮೂತ್ರಪಿಂಡವನ್ನು ಕೆಡಿಸುತ್ತದೆ.

ಮುಂದಿನ ಚಿಕಿತ್ಸೆಗೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಅಲ್ಲೇ ಕೇಳಬಹುದು. ಕ್ಲಿಷ್ಟ ಪ್ರಕರಣಗಳಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲಿ ಸಲಹೆ ಬೇಕಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗದವರು ತಿಳಿದಿರಲಿ: 1985ರ ಮಾದಕವಸ್ತು ನಿಯಂತ್ರಣ (ಎನ್‌ಡಿಪಿಎಸ್) ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ರಕ್ಷಣೆ ಹೋಗಬಹುದು.

ಮೊದಲ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಚೂರ್ಣ, ಗುಳಿಗೆ, ಅರಿಷ್ಟದ ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಎಷ್ಟು ದಿನದಿಂದ ಎಷ್ಟೆಷ್ಟು ಕೊಟ್ಟಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಯಕೃತ್ತಿನ ಪರೀಕ್ಷೆ ಮೊದಲೇ ಮಾಡಿಸಬೇಕೋ, ಯಾವ ಮಾತ್ರೆಯ ಪ್ರಮಾಣ ತಗ್ಗಿಸಬೇಕೋ ಎಂಬುದನ್ನು ವೈದ್ಯರು ಆ ಡಬ್ಬಿಗಳ ಮೇಲಿನ ಬರಹ ನೋಡಿಯೇ ನಿರ್ಧರಿಸುತ್ತಾರೆ.